ಮಾವನ ಮೋಟಾರ್‌ಸೈಕಲ್ಲಿಗೆ ಬಂದ ರಕ್ತಸ್ರಾವ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯ ಗೊತ್ತಪ್ಪನ ಮೋಟಾರ್‌ಸೈಕಲ್ಲಿನ ವಿಷಯದಲ್ಲಿ ನನ್ನದೇನೂ ತಪ್ಪಿಲ್ಲ. ನಾನು ಇಪ್ಪತ್ತಾರು ವರ್ಷ ಒಬ್ಬರೇ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದವನು. ಮಾತ್ರೆ ಎಣಿಸಿ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಡಾಕ್ಟರು ಊಟಕ್ಕೆ ಹೋದಾಗ ಮುಖ ಗಂಟಿಕ್ಕಿಕೊಂಡು ಕೂರುವುದು, ಇಷ್ಟು ನನ್ನ ಕೆಲಸ. ಇಂಜಿನ್ನಿನ ರೋಗಕ್ಕೆ ನಾನು ಯಾವತ್ತೂ ಮದ್ದು ಕೊಟ್ಟವನಲ್ಲ. ಆದರೂ ಈಗ ಬೀದಿಯಲ್ಲಿ ಹಾಲು ತರಲು ಹೊರಟರೆ ಸಾಕು, "ಕಾಂಪೌಂಡ್ರೇ, ರಕ್ತಸ್ರಾವ ನಿಂತಿತಾ?" ಎಂದು ಕೇಳುವವರೇ ಎಲ್ಲ. ಅದಕ್ಕಾಗಿ ನಡೆದದ್ದನ್ನು ನಡೆದ ಹಾಗೆ ಬರೆಯಬೇಕಾಗಿ ಬಂದಿದೆ.

ಗೊತ್ತಪ್ಪ ಎನ್ನುವುದು ಅವನ ತಂದೆ ತಾಯಿ ಇಟ್ಟ ಹೆಸರಲ್ಲ. ಯಾರು ಏನು ಹೇಳಲು ಬಾಯಿ ತೆರೆದರೂ ಅವನು "ಗೊತ್ತು ಗೊತ್ತು" ಎಂದು ಅಲ್ಲಿಗೇ ಮುಚ್ಚಿಸಿಬಿಡುತ್ತಾನೆ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯವನು, ಕೇಳಿದರೆ ಮೈಮೇಲಿನ ಅಂಗಿಯನ್ನೂ ಬಿಚ್ಚಿ ಕೊಡುವವನು. ಆದರೆ ಗೊತ್ತಿಲ್ಲ ಎನ್ನುವ ಪದ ಮಾತ್ರ ಅವನ ಗಂಟಲಿನಿಂದ ಹೊರಡುವುದಿಲ್ಲ. ಒಮ್ಮೆ ದಾರಿಹೋಕನೊಬ್ಬ ಹಲ್ಲಿನ ಡಾಕ್ಟರ ಮನೆ ಎಲ್ಲಿ ಎಂದು ಕೇಳಿದಾಗ, "ಗೊತ್ತು, ಬನ್ನಿ" ಎಂದು ನಲವತ್ತು ನಿಮಿಷ ನಡೆಸಿ ಮರದ ಡಿಪೋಕ್ಕೆ ಮುಟ್ಟಿಸಿದ್ದ.

ಅವನ ಮಾವ, ಅಂದರೆ ಹೆಂಡತಿಯ ತಂದೆ, ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಹಸಿರು ಬಾವುಟ ಬೀಸಿ ಬೀಸಿ ಬಲಗೈ ಎಡಗೈಗಿಂತ ಸ್ವಲ್ಪ ದಪ್ಪ. ಅವರ ಹತ್ತಿರ ಮೂವತ್ತೈದು ವರ್ಷದ ಒಂದು ಕಪ್ಪು ಮೋಟಾರ್‌ಸೈಕಲ್ಲಿತ್ತು. ಅದನ್ನು ಅವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅಂಥವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೊರಡುವ ಹಿಂದಿನ ದಿನ ಅದನ್ನು ತಾವೇ ಓಡಿಸಿಕೊಂಡು ಬಂದು, ಇಡೀ ಬೀದಿಯ ಎದುರಿಗೆ ಗೊತ್ತಪ್ಪನ ಕೈಗೆ ಕೀಲಿ ಕೊಟ್ಟರು.

"ಅಳಿಯಂದ್ರೇ, ಒಂದು ತಿಂಗಳು ನಾನು ಗಾಡಿ ಓಡ್ಸೋ ಹಾಗಿಲ್ಲ. ನಿಮ್ಮ ಹತ್ರ ಇರ್ಲಿ. ಒಂದು ವಿಷಯ ಹೇಳ್ಬೇಕು. ಈ ಎಣ್ಣೆ ಇದೆಯಲ್ಲ, ಅದು..."

"ಗೊತ್ತು ಮಾವ, ಗೊತ್ತು."

"ಅಲ್ಲ, ಎಣ್ಣೆ ವಿಷಯದಲ್ಲಿ ಸ್ವಲ್ಪ..."

"ಎಣ್ಣೆ ತಾನೆ? ಗೊತ್ತು ಬಿಡಿ. ನೀವು ಕಣ್ಣಿನ ಕಡೆ ಗಮನ ಕೊಡಿ."

ಮಾವ ಒಂದು ಕ್ಷಣ ಬಾಯಿ ತೆರೆದೇ ನಿಂತಿದ್ದು, ಆಮೇಲೆ ಹಗುರವಾದವರಂತೆ "ಗೊತ್ತಿದ್ರೆ ಸರಿ" ಎಂದು ಹೊರಟೇಬಿಟ್ಟರು.

ಹನ್ನೊಂದು ವರ್ಷದ ದಾಂಪತ್ಯದಲ್ಲಿ ಮಾವ ಅವನಿಗೆ ನಂಬಿ ಕೊಟ್ಟ ಮೊದಲನೆಯ ವಸ್ತು ಅದು. (ಮಗಳನ್ನು ಕೊಟ್ಟಿದ್ದು ಜಾತಕ ನೋಡಿ, ಅಳಿಯನನ್ನು ನೋಡಿ ಅಲ್ಲ ಎಂದು ಅವರೇ ಹೇಳುತ್ತಿದ್ದರಂತೆ.) ಗೊತ್ತಪ್ಪನ ಎದೆ ಆ ಸಂಜೆ ಎರಡು ಅಂಗುಲ ಉಬ್ಬಿತು. ಮರುದಿನದಿಂದ ಅವನು ಮಾತಾಡುವ ಧಾಟಿಯೇ ಬದಲಾಯಿತು. "ಹಳೇ ಇಂಜಿನ್ನು ಅಂದ್ರೆ ಅದಕ್ಕೆ ಕಿವಿ ಬೇಕು ಕಾಂಪೌಂಡ್ರೇ" ಎನ್ನುತ್ತಿದ್ದ. ಭಾನುವಾರ ಕಚೇರಿಯ ಹೆಡ್ ಕ್ಲರ್ಕನ್ನು ಹಿಂದೆ ಕೂರಿಸಿಕೊಂಡು ನಲವತ್ತು ಮೈಲಿ ದೂರದ ನೀರಿನ ಟ್ಯಾಂಕು ತೋರಿಸಿಕೊಂಡು ಬಂದ. ಹೆಡ್ ಕ್ಲರ್ಕು ಮೂರು ಜನರ ತೂಕದ ಮನುಷ್ಯ. ದಾರಿಯುದ್ದಕ್ಕೂ ಇಂಜಿನ್ನು ಕಟಕಟ, ಕಟಕಟ ಎನ್ನುತ್ತಿತ್ತಂತೆ. "ಇದೇನ್ರೀ ಸದ್ದು?" ಎಂದು ಕೇಳಿದ್ದಕ್ಕೆ ಗೊತ್ತಪ್ಪ, "ಗೊತ್ತು ಸಾರ್, ಅದು ಖುಷಿಯ ಸದ್ದು" ಎಂದಿದ್ದನಂತೆ.

ಅದರ ಮರುದಿನವೇ ಗಾಡಿ ಅವನಿಗೆ ಒದ್ದಿತು. ಕಿಕ್ ಹೊಡೆಯಲು ಹೋದಾಗ ಆ ಕಬ್ಬಿಣದ ಕಡ್ಡಿ ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿದು, ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಪಟ್ಟಿ ಕಟ್ಟಿದವನು ನಾನೇ. ಆಮೇಲೆ ಮೂರು ವಾರ ಗಾಡಿ ಅಂಗಳದಲ್ಲಿ ಒಂದು ಹಳೇ ಹೊದಿಕೆಯ ಕೆಳಗೆ ನಿಂತೇ ಇತ್ತು. ಮಾವ ದಿನಾ ಫೋನು ಮಾಡಿ "ಗಾಡಿ ಹೇಗಿದೆ?" ಎಂದು ಕೇಳುವರು. ಇವನು "ಬಂಗಾರ ಮಾವ, ಬಂಗಾರ" ಎನ್ನುವನು.

ಶನಿವಾರ ಬೆಳಿಗ್ಗೆ ಮಾವನ ಫೋನು ಬಂತು. ಡಾಕ್ಟರು ಒಪ್ಪಿಗೆ ಕೊಟ್ಟಿದ್ದಾರೆ, ನಾಳೆ ಹತ್ತು ಗಂಟೆಗೆ ಬಂದು ಗಾಡಿ ತೆಗೆದುಕೊಂಡು ಹೋಗುತ್ತೇನೆ ಎಂದರು.

ಗೊತ್ತಪ್ಪ ಹೊದಿಕೆ ತೆಗೆದು ಗಾಡಿ ಒರೆಸಿದ. ಒರೆಸುತ್ತಾ ಒರೆಸುತ್ತಾ ಸೀಟಿನ ಕೆಳಗಿದ್ದ ಎಣ್ಣೆಯ ಡಬ್ಬಿ ಕಣ್ಣಿಗೆ ಬಿತ್ತು. ಮುಚ್ಚಳಕ್ಕೆ ಅಂಟಿಕೊಂಡಂತೆ ಒಂದು ಉದ್ದನೆಯ ಕಡ್ಡಿ ಇರುತ್ತದೆ. ಎಣ್ಣೆ ಎಷ್ಟಿದೆ ಎಂದು ಅದನ್ನು ಅದ್ದಿ ನೋಡಬೇಕು. ಕಡ್ಡಿ ತೆಗೆದ. ಒಣ. ಒರೆಸಿ ಮತ್ತೆ ಅದ್ದಿದ. ಒಣ. ಒಳಗೆ ಟಾರ್ಚು ಬಿಟ್ಟು ನೋಡಿದ. ಡಬ್ಬಿಯ ತಳ ಪಳಪಳ ಹೊಳೆಯಿತು.

ಅವನು ನಮ್ಮ ಮನೆಯ ಬಾಗಿಲು ಬಡಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಕೈಯಲ್ಲಿ ಆ ಒಣ ಕಡ್ಡಿ.

"ಕಾಂಪೌಂಡ್ರೇ, ನಲವತ್ತು ಮೈಲಿ ಹೋಗಿ, ನಲವತ್ತು ಮೈಲಿ ಬಂದಿದೀನಿ. ಒಂದು ಹನಿ ಎಣ್ಣೆ ಇಲ್ದೆ!"

ನಾನು ಅಭ್ಯಾಸಬಲದಿಂದ ಅವನ ನಾಡಿ ಹಿಡಿದೆ. ಅಷ್ಟರಲ್ಲಿ ಮೇಲಿನ ಮನೆಯ ಮೇಷ್ಟ್ರು ಮೆಟ್ಟಿಲಿಳಿದು ಬಂದರು. ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. ಜಗತ್ತಿನಲ್ಲಿ ಏನು ಕೆಟ್ಟರೂ ಅದಕ್ಕೆ ಘರ್ಷಣೆಯೇ ಕಾರಣ ಎಂದು ಅವರ ನಂಬಿಕೆ.

"ಘರ್ಷಣೆ!" ಎಂದರು ಮೇಷ್ಟ್ರು, ಯಾರೂ ಕೇಳುವ ಮೊದಲೇ. "ಎಣ್ಣೆ ಇಲ್ಲ ಅಂದ್ರೆ ಲೋಹಕ್ಕೆ ಲೋಹ ತಾಗುತ್ತೆ. ತಾಗಿದ್ರೆ ಬಿಸಿ. ಬಿಸಿಯಾದ್ರೆ ಹಿಗ್ಗುತ್ತೆ. ಹಿಗ್ಗಿದ್ರೆ ಪಿಸ್ಟನ್ನು ತನ್ನ ಕೊಳವೆ ಒಳಗೇ ಹಿಡಕೊಂಡು ಗೀರು ಬೀಳುತ್ತೆ. ಬೇರಿಂಗುಗಳು ಸವೆದು ಪುಡಿಪುಡಿ. ಸದ್ದು ಬಂದಿತ್ತಾ?"

"ಬಂದಿತ್ತು. ಕಟಕಟ ಅಂತ."

ಮೇಷ್ಟ್ರು ಕನ್ನಡಕ ತೆಗೆದರು. ಫೇಲಾದ ಹುಡುಗನ ತಂದೆಗೆ ಸುದ್ದಿ ಹೇಳುವಾಗಲೂ ಅವರು ಹಾಗೇ ಕನ್ನಡಕ ತೆಗೆಯುತ್ತಿದ್ದರಂತೆ. "ಅದು ಖುಷಿಯ ಸದ್ದಲ್ಲಪ್ಪ," ಎಂದರು.

ಸ್ಟಾರ್ಟು ಮಾಡಿ ನೋಡೋಣ ಎಂದ ಗೊತ್ತಪ್ಪ. ಮಾಡಿದರೆ ಉಳಿದಿರುವ ಪ್ರಾಣವೂ ಹೋಗುತ್ತದೆ ಎಂದರು ಮೇಷ್ಟ್ರು. ಹಾಗಾದರೆ ಒಳಗೆ ಏನಾಗಿದೆ ಎಂದು ತಿಳಿಯುವುದು ಹೇಗೆ? ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಡಾಕ್ಟರು ನಿವೃತ್ತರಾದಾಗ ನೆನಪಿಗೆಂದು ನನಗೆ ಕೊಟ್ಟ ಸ್ಟೆತಾಸ್ಕೋಪು ನಮ್ಮ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುವುದು ಬೀದಿಗೆಲ್ಲ ಗೊತ್ತು.

ನಾನು ಬೇಡವೆಂದೆ. ಎರಡು ಸಲ ಬೇಡವೆಂದೆ. ಮೂರನೆಯ ಸಲ ಕೇಳುವಷ್ಟರಲ್ಲಿ ಸ್ಟೆತಾಸ್ಕೋಪು ಹೇಗೋ ನನ್ನ ಕೊರಳಿಗೆ ಬಂದಿತ್ತು.

ಮೇಷ್ಟ್ರು ಕಿಕ್ಕಿನ ಕಡ್ಡಿಯನ್ನು ಕೈಯಿಂದ ನಿಧಾನವಾಗಿ ಒತ್ತಿದರು. ನಾನು ಇಂಜಿನ್ನಿನ ಎದೆಗೆ ಬಿಲ್ಲೆ ಇಟ್ಟು ಕೇಳಿದೆ. ಕಾಂಪೌಂಡಿನ ಗೋಡೆಯ ಮೇಲೆ ಅಷ್ಟು ಹೊತ್ತಿಗೆ ಏಳೆಂಟು ತಲೆಗಳು. ಒಳಗಿನಿಂದ ಗುಳುಗುಳು ಎಂದು ಸದ್ದು ಬಂತು.

"ನೀರು ತುಂಬಿಕೊಂಡ ಹಾಗಿದೆ," ಎಂದೆ. ನಾನು ಹೇಳಿದ್ದು ಅಷ್ಟೇ.

"ಕೆಳಗಿನ ನಟ್ಟು ಬಿಚ್ಚು," ಎಂದರು ಮೇಷ್ಟ್ರು.

ಗೊತ್ತಪ್ಪ ಬಟ್ಟೆ ನೆನೆಸುವ ಬೇಸಿನ್ನು ತಂದು ಇಂಜಿನ್ನಿನ ಅಡಿಗಿಟ್ಟು ತಳದ ನಟ್ಟು ಬಿಚ್ಚಿದ. ಬಿಚ್ಚಿದ ತಕ್ಷಣ ಕಪ್ಪನೆಯ ಎಣ್ಣೆ ಧಾರೆಯಾಗಿ ಸುರಿಯತೊಡಗಿತು. ನಿಲ್ಲಲೇ ಇಲ್ಲ. ಬೇಸಿನ್ನು ಅರ್ಧ ತುಂಬಿತು. ಗೋಡೆಯ ಮೇಲಿನ ತಲೆಗಳು ಅಯ್ಯೋ ಎಂದವು.

ಈಗ ಯೋಚಿಸಿದರೆ, ಎಣ್ಣೆಯೇ ಇಲ್ಲದ ಗಾಡಿಯಲ್ಲಿ ಅರ್ಧ ಬೇಸಿನ್ನು ಎಣ್ಣೆ ಬಂದದ್ದು ಸಂತೋಷಪಡುವ ವಿಷಯ ಎಂದು ಮಕ್ಕಳಿಗೂ ಹೊಳೆಯಬೇಕು. ಆದರೆ ಅಲ್ಲಿ ಮಕ್ಕಳಿರಲಿಲ್ಲ. ವಿದ್ಯಾವಂತರೇ ಇದ್ದೆವು.

"ಮೇಲಿರಬೇಕಾದ್ದು ಕೆಳಗೆ ಹೇಗೆ ಬಂತು?" ಎಂದರು ಮೇಷ್ಟ್ರು. "ಒಳಗಿನ ಗೋಡೆಯೇ ಒಡೆದಿದೆ."

"ಮನುಷ್ಯರಲ್ಲಿ ಹೀಗಾದ್ರೆ ಆಂತರಿಕ ರಕ್ತಸ್ರಾವ ಅಂತೀವಿ," ಎಂದೆ ನಾನು. ಅದು ಹೋಲಿಕೆಯಾಗಿ ಹೇಳಿದ್ದು. ಅದರಲ್ಲೇನು ತಪ್ಪು? ಆದರೆ ಹತ್ತು ನಿಮಿಷದಲ್ಲಿ ಮೂರನೆಯ ತಿರುವಿನ ಇಸ್ತ್ರಿ ಅಂಗಡಿಯವರೆಗೆ ಗೊತ್ತಪ್ಪನ ಗಾಡಿಗೆ ರಕ್ತಸ್ರಾವವಾಗಿದೆಯಂತೆ, ಕಾಂಪೌಂಡರೇ ಕೈಚೆಲ್ಲಿದರಂತೆ ಎಂದು ಸುದ್ದಿ ಹೋಗಿತ್ತು.

ಇನ್ನು ಕೊನೆಯ ಪರೀಕ್ಷೆ ಬಾಕಿ ಇತ್ತು. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ನೋಡಬೇಕು. ಲೋಹ ಸವೆದಿದ್ದರೆ ಚೂರುಗಳು ಹೊಳೆಯುತ್ತವೆ ಎಂದರು ಮೇಷ್ಟ್ರು. ಗೊತ್ತಪ್ಪ ಒಳಗೆ ಓಡಿ ಚಿಂದಿ ಬಟ್ಟೆಯ ಚೀಲದಿಂದ ಕೈಗೆ ಸಿಕ್ಕಿದ್ದನ್ನು ಎಳೆದು ತಂದ. ತೆಳ್ಳನೆಯ ಬಿಳಿ ಬಟ್ಟೆ. ಎರಡನೆಯ ಬೇಸಿನ್ನಿನ ಮೇಲೆ ಅದನ್ನು ಹರಡಿ ಸೋಸಿದೆವು. ಕೊನೆಗೆ ಅವನು ಬಟ್ಟೆಯನ್ನು ಮುದ್ದೆ ಮಾಡಿ ಎರಡು ಕೈಯಲ್ಲೂ ಹಿಂಡಿದ.

ಕಪ್ಪು ಎಣ್ಣೆಯ ಮೇಲೆ ಹೊಳೆಯುವ ಚೂರುಗಳು ತೇಲಿದವು. ಒಂದಲ್ಲ ಎರಡಲ್ಲ. ಬಿಸಿಲಿಗೆ ಮಿಣಮಿಣ ಎಂದವು.

ಮೇಷ್ಟ್ರು ಮನೆಯಿಂದ ಅಯಸ್ಕಾಂತ ತಂದು ಎಣ್ಣೆಯೊಳಗೆ ಆಡಿಸಿದರು. ಒಂದು ಚೂರೂ ಅಂಟಲಿಲ್ಲ.

"ಅಂಟ್ಲಿಲ್ಲ!" ಎಂದ ಗೊತ್ತಪ್ಪ ಆಸೆಯಿಂದ.

"ಅದೇ ಕೆಟ್ಟದ್ದು," ಎಂದರು ಮೇಷ್ಟ್ರು. "ಕಬ್ಬಿಣ ಆಗಿದ್ರೆ ಅಂಟ್ತಿತ್ತು. ಇದು ಬೇರಿಂಗಿನ ಬಿಳಿ ಲೋಹ. ಹೃದಯದ ಒಳಪದರ ಕಿತ್ತುಬಂದಿದೆ ಅಂತ ತಿಳ್ಕೊ."

ಆಮೇಲೆ ಜನ ಒಬ್ಬೊಬ್ಬರಾಗಿ ಬಂದು ಹೋದರು. ಸಾವಿನ ಮನೆಗೆ ಬಂದವರ ಹಾಗೆ ಚಪ್ಪಲಿ ಗೇಟಿನ ಹೊರಗೆ ಬಿಟ್ಟು ಬಂದವರೂ ಇದ್ದರು. "ಎಷ್ಟು ವಯಸ್ಸಾಗಿತ್ತು?" ಎಂದು ಕೇಳಿ, ಮೂವತ್ತೈದು ಎಂದರೆ "ಇನ್ನೂ ಬಾಳಬೇಕಾಗಿತ್ತು" ಎಂದು ನಿಟ್ಟುಸಿರು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಹೆಡ್ ಕ್ಲರ್ಕೇ ಏದುಸಿರು ಬಿಡುತ್ತಾ ಬಂದರು.

"ನನ್ನ ತೂಕದಿಂದ ಹೀಗಾಯ್ತು ಅಂತ ಯಾರಾದ್ರೂ ಅಂದ್ರಾ?" ಎಂದು ಮೊದಲು ಕೇಳಿದರು. ಇನ್ನೂ ಯಾರೂ ಅಂದಿಲ್ಲ ಎಂದ ಮೇಲೆ ಕುರ್ಚಿಯಲ್ಲಿ ಕೂತರು.

ಗೊತ್ತಪ್ಪನ ಹೆಂಡತಿ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಳು. ಸಾಮಾನ್ಯವಾಗಿ ಅವಳು ಗಂಡನಿಗೆ ನಾಲ್ಕು ಬೈದು ಕೆಲಸ ಮುಗಿಸುವವಳು. ಅವತ್ತು ಬೈಯಲಿಲ್ಲ.

"ರೀ, ಅಮ್ಮ ಹೋದ್ಮೇಲೆ ಅಪ್ಪ ಮನೇಲಿ ಎಲ್ಲಾ ಬದಲಾಯ್ಸಿದ್ರು," ಎಂದಳು. "ಮಂಚ ಮಾರಿದ್ರು, ಅಮ್ಮನ ಕಪಾಟು ಕೊಟ್ಟುಬಿಟ್ರು. ಇದೊಂದನ್ನ ಕೊಡ್ಲಿಲ್ಲ. ಪ್ರತಿ ಗುರುವಾರ ಅಮ್ಮನ್ನ ಹಿಂದೆ ಕೂರಿಸ್ಕೊಂಡು ಕೆರೆ ಏರಿ ತನಕ ಹೋಗಿಬರೋರು. ಈಗ್ಲೂ ಗುರುವಾರ ಒಬ್ರೇ ಹೋಗ್ತಾರೆ. ನಾಳೆ ಅವ್ರಿಗೆ ಏನು ಹೇಳ್ತೀರ?"

ಗೊತ್ತಪ್ಪನ ಕಣ್ಣಲ್ಲಿ ನೀರು ಬಂತು. "ಬೈದ್ರೆ ಬೈಲಿ, ನಾನು ತಡಕೋತೀನಿ," ಎಂದ. "ಏನೂ ಅನ್ನದೆ ಬಸ್ಸು ಹತ್ತಿ ಹೋಗಿಬಿಟ್ರೆ ಏನ್ಮಾಡ್ಲಿ? ಹನ್ನೊಂದು ವರ್ಷಕ್ಕೆ ಒಂದು ಸಲ ನನ್ನ ನಂಬಿದ್ರು ಕಣೇ."

ಇದನ್ನು ಕೇಳಿ ನಾನೂ ಮುಖ ಆಚೆ ತಿರುಗಿಸಿಕೊಂಡೆ. ಹೆಡ್ ಕ್ಲರ್ಕ್ ಮಾತ್ರ ಕಚೇರಿಯ ಮನುಷ್ಯ. ಅವರು ದನಿ ತಗ್ಗಿಸಿ, "ಕಳವಾಯ್ತು ಅಂದುಬಿಡಿ," ಎಂದರು. "ಗಾಡೀನ ನನ್ನ ಮನೆ ಹಿಂದುಗಡೆ ತಳ್ಳಿಡೋಣ. ಠಾಣೆಯಲ್ಲಿ ಒಂದು ದೂರು ಕೊಟ್ಟು ರಸೀದಿ ತಗೊಳ್ಳಿ. ಯಾರ ತಪ್ಪೂ ಅಲ್ಲ, ಯಾರ ತೂಕಾನೂ ಅಲ್ಲ."

ಮುಳುಗುವವನಿಗೆ ಅಷ್ಟೇ ಸಾಕಾಯಿತು. ಗೊತ್ತಪ್ಪ ನನ್ನ ತೋಳು ಹಿಡಿದು ಎಳೆದುಕೊಂಡೇ ಠಾಣೆಗೆ ನಡೆದ. ನಾನು ಯಾಕೆ ಹೋದೆ ಎಂದು ಕೇಳಬೇಡಿ. ರೋಗಿಯ ಜೊತೆ ಒಬ್ಬರು ಇರಬೇಕು ಎನ್ನುವುದು ನಮ್ಮ ವೃತ್ತಿಯ ನಿಯಮ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಪೆನ್ನಿನ ಮುಚ್ಚಳ ತೆಗೆದರು.

"ಏನು ಕಳವಾಗಿದೆ?"

"ಮೋಟಾರ್‌ಸೈಕಲ್ಲು ಸಾರ್."

"ಯಾವಾಗ?"

ಗೊತ್ತಪ್ಪ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. "ನಾಳೆ ಬೆಳಿಗ್ಗೆ," ಎಂದ ಗೊತ್ತಪ್ಪ.

ರೈಟರ್ ಬರೆಯುವುದನ್ನು ನಿಲ್ಲಿಸಿದರು. "ನಾಳೆ?"

"ಹತ್ತು ಗಂಟೆ ಒಳಗೆ."

"ಓಹೋ. ಯಾರು ಕದೀತಾರೆ?"

"ಅದಿನ್ನೂ ತೀರ್ಮಾನ ಆಗಿಲ್ಲ ಸಾರ್."

"ಈಗ ಗಾಡಿ ಎಲ್ಲಿದೆ?"

"ಅಂಗಳದಲ್ಲೇ ಇದೆ. ಹೊದಿಕೆ ಹೊದಿಸಿ ಬಂದಿದೀನಿ."

ರೈಟರ್ ಪೆನ್ನಿಗೆ ಮುಚ್ಚಳ ಹಾಕಿ, ಮೇಜಿನ ಮೇಲೆ ಎರಡೂ ಕೈ ಇಟ್ಟು, ನನ್ನನ್ನು ನೋಡಿದರು. "ಇವ್ರು ನಿಮಗೇನಾಗ್ಬೇಕು?"

"ಪಕ್ಕದ ಮನೆ," ಎಂದೆ.

ರೈಟರ್ ಯಾಕೋ ನನ್ನ ಕೊರಳಿನ ಸ್ಟೆತಾಸ್ಕೋಪನ್ನು ಬಹಳ ಹೊತ್ತು ದಿಟ್ಟಿಸಿದರು. ಅದನ್ನು ತೆಗೆಯುವುದು ಗಡಿಬಿಡಿಯಲ್ಲಿ ಮರೆತುಹೋಗಿತ್ತು. "ನೀವು ಡಾಕ್ಟ್ರಾ? ಇವ್ರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದೀರಾ?"

ಅಷ್ಟಾಗುವಾಗ ಗೊತ್ತಪ್ಪನಿಗೆ ತಡೆಯಲಾಗಲಿಲ್ಲ. ಒಣ ಕಡ್ಡಿಯಿಂದ ಹಿಡಿದು ಹೊಳೆಯುವ ಚೂರಿನವರೆಗೆ, ಅತ್ತೆಯ ಗುರುವಾರದ ಸವಾರಿಯನ್ನೂ ಸೇರಿಸಿ, ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ. ರೈಟರ್ ಕೆಟ್ಟವರಲ್ಲ. ಒಂದು ಲೋಟ ನೀರು ಕೊಟ್ಟರು.

"ಸುಳ್ಳು ದೂರು ಕೊಟ್ರೆ ಒಳಗೆ ಹಾಕ್ಬೇಕಾಗುತ್ತೆ," ಎಂದರು. "ಆದ್ರೆ ನೀವು ಸುಳ್ಳನ್ನೂ ನಿಜವಾಗೇ ಹೇಳ್ತೀರಲ್ಲ, ಏನು ಮಾಡೋದು? ಮೊದ್ಲು ಗಾಡೀನ ಯಾರಾದ್ರೂ ಮೆಕ್ಯಾನಿಕ್ಕಿಗೆ ತೋರ್ಸಿದ್ರಾ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದೊಂದು ನಮ್ಮ ಯಾರ ತಲೆಗೂ ಬಂದಿರಲಿಲ್ಲ.

"ಪೆಟ್ರೋಲ್ ಬಂಕಿನ ಹಿಂದೆ ಗ್ಯಾರೇಜಕ್ಕ ಅಂತ ಇದಾರೆ," ಎಂದರು ರೈಟರ್. "ನಮ್ಮ ಠಾಣೆ ಹಳೇ ಗಾಡಿಗಳನ್ನೆಲ್ಲ ಅವ್ರೇ ನೋಡೋದು. ನಾನು ಹೇಳಿದೆ ಅನ್ನಿ."

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಗ್ಯಾರೇಜಕ್ಕ ಸೈಕಲ್ಲಿನಲ್ಲಿ ಬಂದರು. ಐವತ್ತು ದಾಟಿದ ಹೆಂಗಸು, ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅವರದ್ದೊಂದು ಪದ್ಧತಿ. ಗಾಡಿಯನ್ನು ಮುಟ್ಟುವ ಮೊದಲು ಅದರ ಸುತ್ತ ಒಂದು ಸಲ ನಡೆದು ಬರುತ್ತಾರೆ, ಮತ್ತೆ ಕೆಲಸ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ಇದು ನಮಗೆ ಗೊತ್ತಿರಲಿಲ್ಲ. ಮೇಷ್ಟ್ರು ಘರ್ಷಣೆಯ ಬಗ್ಗೆ ಹೇಳಿದರು. ಉತ್ತರವಿಲ್ಲ. ನಾನು ಗುಳುಗುಳು ಸದ್ದಿನ ಬಗ್ಗೆ ಹೇಳಿದೆ. ಉತ್ತರವಿಲ್ಲ.

ಅವರು ಕಿಕ್ಕಿನ ಕಡ್ಡಿಯನ್ನು ಕೈಯಿಂದ ಒತ್ತಿ, ಅದು ಎಷ್ಟು ಬಲವಾಗಿ ತಡೆಯುತ್ತದೆ ಎಂದು ನೋಡಿದರು. ಇಂಜಿನ್ನಿನ ತಲೆಯ ಮುಚ್ಚಳ ಬಿಚ್ಚಿ ಬೆರಳು ಹಾಕಿ ತೆಗೆದರು. ಬೇಸಿನ್ನಿನ ಎಣ್ಣೆಯನ್ನು ಮೂಸಿದರು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಆ ಹೊಳೆಯುವ ಚೂರುಗಳನ್ನೇ ನೋಡತೊಡಗಿದರು.

ಆಗ ಗೇಟು ಕಿರ್ ಎಂದಿತು. ಮಾವ!

ಗಡಿಯಾರ ನೋಡಿದೆ. ಎಂಟೂ ಮುಕ್ಕಾಲು. ಇಡೀ ಜೀವಮಾನದಲ್ಲಿ ಒಂದು ನಿಮಿಷ ಹಿಂದೆ ಮುಂದೆ ಆಗದ ಗಾರ್ಡ್ ಸಾಹೇಬರು ಒಂದೂಕಾಲು ಗಂಟೆ ಮೊದಲೇ ಬಂದಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. ಅಂಗಳದಲ್ಲಿ ಬಿಚ್ಚಿದ ಇಂಜಿನ್ನು, ಎರಡು ಬೇಸಿನ್ನು ಕಪ್ಪು ಎಣ್ಣೆ, ಗೋಡೆಯ ಮೇಲೆ ತಲೆಗಳ ಸಾಲು. ಅವರು ಅಲ್ಲೇ ನಿಂತುಬಿಟ್ಟರು.

ಗೊತ್ತಪ್ಪ ಓಡಿಹೋಗಿ ಅವರ ಎದುರು ನಿಂತ. ಹಿಂದಿನ ರಾತ್ರಿ ಮೇಷ್ಟ್ರು ಅವನಿಗೆ ಹೇಳಿಕೊಟ್ಟಿದ್ದ ಪೀಠಿಕೆಯೆಲ್ಲ ಹಾರಿಹೋಗಿತ್ತು.

"ಮಾವ, ಕೊಂದುಬಿಟ್ಟೆ! ಎಣ್ಣೆ ನೋಡ್ದೆ ಎಂಬತ್ತು ಮೈಲಿ ಓಡಿಸ್ದೆ. ನೀವು ಹೇಳಕ್ಕೆ ಬಂದ್ರಿ, ನಾನೇ ಕೇಳಿಸ್ಕೊಳ್ಲಿಲ್ಲ. ನಂಗೆ ಇಂಜಿನ್ನಿನ ವಿಷಯ ಏನೂ ಗೊತ್ತಿಲ್ಲ ಮಾವ, ಏನೇನೂ ಗೊತ್ತಿಲ್ಲ. ತಪ್ಪು ನಂದೇ, ಬೇರೆ ಯಾರದ್ದೂ ಅಲ್ಲ."

ಗೋಡೆಯ ಮೇಲಿನಿಂದ ಹೆಡ್ ಕ್ಲರ್ಕ್ "ಕೇಳಿದ್ರಾ, ತೂಕದ್ದಲ್ಲ" ಎಂದರು.

ಮಾವ ಸಿಡಿಮಿಡಿಗೊಳ್ಳುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. "ಇರ್ಲಿ ಬಿಡಿ ಅಳಿಯಂದ್ರೇ. ಇರ್ಲಿ ಬಿಡಿ. ಹಳೇ ಗಾಡಿ. ಯಾರ ಕೈಲಾದ್ರೂ ಆಗ್ತಿತ್ತು," ಎಂದರು. ಹೇಳುವಾಗ ದನಿ ನಡುಗುತ್ತಿತ್ತು. ನನಗೆ ಇದು ಆಘಾತದ ಲಕ್ಷಣ ಅನ್ನಿಸಿ ನಾಡಿ ಹಿಡಿದೆ. ಕುದುರೆಯ ಹಾಗೆ ಓಡುತ್ತಿತ್ತು. "ತಾಯಿ, ನೀರು ತನ್ನಿ," ಎಂದು ಅವರ ಮಗಳಿಗೆ ಹೇಳಿದೆ.

ಆಗ ಗ್ಯಾರೇಜಕ್ಕ ಎದ್ದು ನಿಂತರು. ಬೆರಳ ತುದಿಯಲ್ಲಿ ಒಂದು ಹೊಳೆಯುವ ಚೂರು.

"ಇದೇನಿದು?" ಎಂದರು. ಅವರ ಬಾಯಿಂದ ಬಂದ ಮೊದಲ ಮಾತು.

"ಬೇರಿಂಗಿನ ಬಿಳಿ ಲೋಹ," ಎಂದರು ಮೇಷ್ಟ್ರು.

"ಹೌದಾ ಮೇಷ್ಟ್ರೇ? ಬೇರಿಂಗು ಸವೆದ್ರೆ ಮೀನಿನ ಹುರುಪೆ ಥರ ಚೂರು ಬರುತ್ತೆ, ಒಂದೊಂದು ಒಂದೊಂದು ಆಕಾರ. ಇದು ಎಲ್ಲಾ ಒಂದೇ ಅಳತೆ, ದುಂಡಗೆ. ಮಧ್ಯದಲ್ಲಿ ಒಂದೊಂದು ತೂತು ಬೇರೆ. ಯಾವ ಇಂಜಿನ್ನಲ್ಲಿ ಬೇರಿಂಗನ್ನ ಸೂಜಿ ದಾರದಲ್ಲಿ ಹೊಲೀತಾರೆ?"

ಗೊತ್ತಪ್ಪನ ಹೆಂಡತಿ ನೀರಿನ ಲೋಟ ಹಿಡಿದವಳು ಹತ್ತಿರ ಬಂದು ನೋಡಿದಳು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಕಪ್ಪು ಮುದ್ದೆಯನ್ನು ಎರಡು ಬೆರಳಲ್ಲಿ ಎತ್ತಿ ಬಿಡಿಸಿದಳು.

"ರೀ! ಇದು ನಮ್ಮ ಮಗಳು ಸ್ಕೂಲಿನ ನಾಟಕದಲ್ಲಿ ನಕ್ಷತ್ರ ಆಗಿದ್ಲಲ್ಲ, ಆ ಫ್ರಾಕು! ಚಮಕಿ ಇಡೋಕೆ ನಾನು ಎರಡು ದಿನ ಕೂತು ಹೊಲಿದಿದ್ದೆ!"

ಮೇಷ್ಟ್ರು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ಆಕಾಶ ನೋಡಿದರು.

"ಆದ್ರೆ ಎಣ್ಣೆ?" ಎಂದ ಗೊತ್ತಪ್ಪ. "ಡಬ್ಬಿ ಒಣಗಿತ್ತಲ್ಲ ಅಕ್ಕ?"

"ಅಣ್ಣ, ಈ ಗಾಡಿಗೆ ಎಣ್ಣೆ ಡಬ್ಬಿಯಲ್ಲಿ ಇರುತ್ತೆ. ಓಡೋವಾಗ ಪಂಪು ಅದನ್ನ ಇಂಜಿನ್ನಿಗೆ ಕಳ್ಸಿ, ತಿರುಗಿ ಡಬ್ಬಿಗೆ ಎಳ್ಕೊಳ್ಳುತ್ತೆ. ವಯಸ್ಸಾದ ಗಾಡಿಯನ್ನ ವಾರಗಟ್ಟಲೆ ಸುಮ್ನೆ ನಿಲ್ಲಿಸಿದ್ರೆ ಎಣ್ಣೆ ಮೆಲ್ಲಗೆ ಜಿನುಗಿ ಎಲ್ಲಾ ಕೆಳಗೆ ಇಳ್ದುಬಿಡುತ್ತೆ. ಡಬ್ಬಿ ಖಾಲಿ, ಹೊಟ್ಟೆ ಭರ್ತಿ. ಅದಕ್ಕೇ ಕಡ್ಡಿ ಅದ್ದಿ ನೋಡೋದು ಗಾಡಿ ಐದು ನಿಮಿಷ ಓಡಿದ್ಮೇಲೆ, ನಿಂತಿರೋ ಗಾಡೀಲಲ್ಲ. ಎಣ್ಣೆ ಇಲ್ದೆ ಓಡಿದ್ರೆ ಒಳಗೆ ಲೋಹ ನೀಲಿ ಆಗಿರ್ತಿತ್ತು, ಸುಟ್ಟ ವಾಸನೆ ಇರ್ತಿತ್ತು, ಕಿಕ್ಕು ಸಡಿಲ ಆಗಿರ್ತಿತ್ತು. ಇದರ ತಲೆ ಒಳಗೆ ಎಣ್ಣೆ ಸವರಿದ ಹಾಗೆ ಒದ್ದೆ ಇದೆ. ಏನೂ ಆಗಿಲ್ಲ."

"ಕಟಕಟ?" ಎಂದೆ ನಾನು.

"ಹಳೇ ಗಾಡಿ ಕಟಕಟ ಅನ್ನದೆ ಕೊಳಲು ಊದುತ್ತಾ? ಕೆಳಗಿನ ಎಣ್ಣೆ ಬಸಿದಿದ್ದು ಮಾತ್ರ ಒಳ್ಳೇದು ಮಾಡಿದ್ರಿ. ತಪ್ಪು ಕಾರಣಕ್ಕೆ ಮಾಡಿದ್ರೂ ಕೆಲ್ಸ ಸರಿ ಆಗಿದೆ."

ಅವರು ತಳದ ನಟ್ಟು ಬಿಗಿದು, ಮುಚ್ಚಳ ಕೂರಿಸಿ, ಪೆಟ್ಟಿಗೆಯಿಂದ ಹೊಸ ಎಣ್ಣೆ ತೆಗೆದು ಡಬ್ಬಿಗೆ ಸುರಿದರು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಮೂರು ಸಲ ಕಿಕ್ ಹೊಡೆದರು. ಮೂರನೆಯದಕ್ಕೆ ಗಾಡಿ ಒಂದು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಕಟಕಟ ಎಂದು ಜೀವ ಹಿಡಿಯಿತು. ಗೋಡೆಯ ಮೇಲಿನವರು ಚಪ್ಪಾಳೆ ಹೊಡೆದರು. ಗೊತ್ತಪ್ಪ ಹೆಂಡತಿಯ ಕೈ ಹಿಡಿದುಕೊಂಡು ಎಲ್ಲರೆದುರಿಗೇ ಅತ್ತುಬಿಟ್ಟ. ನನಗೂ ಹೋದ ಜೀವ ಬಂದಂತಾಯಿತು, ಯಾಕೆಂದರೆ ರಕ್ತಸ್ರಾವ ಎಂದವನು ನಾನಲ್ಲವೇ.

ಮಾವ ಮಾತ್ರ ಮೆಟ್ಟಿಲಿನಿಂದ ಏಳಲಿಲ್ಲ. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು.

"ಅಪ್ಪಾ, ಕಣ್ಣಿಗೆ ಒಳ್ಳೇದಲ್ಲ," ಎಂದಳು ಮಗಳು.

"ನಾನು ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಕಣಮ್ಮ," ಎಂದರು ಮಾವ. "ಗುರುವಾರ ತಪ್ಪಿಸಿದವನೇ ಅಲ್ಲ ನಾನು, ಈ ಸಲ ಕಣ್ಣು ಮಂಜಾಗಿ ಗಾಡಿ ಒಂದೂವರೆ ತಿಂಗಳು ನಿಂತೇ ಇತ್ತು. ಇಲ್ಲಿಗೆ ತರೋ ಹಿಂದಿನ ದಿನ ನಾನೂ ಕಡ್ಡಿ ಅದ್ದಿ ನೋಡ್ದೆ. ಒಣ. ಕಾಣಿಸ್ತಿಲ್ವೇನೋ ಅಂತ ಬೆರಳಲ್ಲಿ ಮುಟ್ಟಿ ನೋಡ್ದೆ. ಒಣ. ನಾನೇ ಎಣ್ಣೆ ಇಲ್ದೆ ಓಡ್ಸಿ ನಿಮ್ಮಮ್ಮನ ಗಾಡೀನ ಹಾಳು ಮಾಡ್ದೆ ಅಂದ್ಕೊಂಡೆ. ಹೋಗಿದ್ದು ಹೋಯ್ತು ಅಂತ ಹಾಗೇ ಓಡಿಸ್ಕೊಂಡು ಬಂದೆ."

"ಮತ್ತೆ ಅದನ್ನ ಇವ್ರಿಗೆ ಯಾಕೆ ಕೊಟ್ರಿ?" ಎಂದಳು ಮಗಳು.

ಮಾವ ಅಳಿಯನ ಮುಖ ನೋಡಲಾರದೆ ನೆಲ ನೋಡಿದರು. "ಹೇಳಬೇಕು ಅಂತಾನೇ ಬಂದಿದ್ದೆ. ಎಣ್ಣೆ ಅಂದ ಕೂಡ್ಲೇ ಗೊತ್ತು ಗೊತ್ತು ಅಂದ್ರು. ಆಗ ನನ್ನ ತಲೆಗೆ ಬಂತು. ನನ್ನ ಕೈಲಿ ಕೆಟ್ಟಿತು ಅಂದ್ರೆ ನನಗೆ ನಾನೇ ಮುಖ ತೋರಿಸೋ ಹಾಗಿಲ್ಲ. ಇವ್ರ ಕೈಲಿ ಕೆಟ್ಟಿತು ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ."

ಇದು ಎಂಥ ಮಾತು! ನಾನು ಗೊತ್ತಪ್ಪನ ಕಡೆ ನೋಡಿದೆ. ಸಿಟ್ಟು ಬರಬೇಕಾಗಿತ್ತು. ಅವನು ತಲೆ ಕೆರೆದುಕೊಂಡು, "ಅದೂ ನಿಜವೇ," ಎಂದ. "ಯಾರೂ ಕೇಳ್ಲೇ ಇಲ್ಲ ನೋಡಿ ಮಾವ." ಹೇಳಿದವನೇ ನಗಲು ಶುರು ಮಾಡಿದ.

"ನಗಬೇಡಿ ಅಳಿಯಂದ್ರೇ," ಎಂದರು ಮಾವ. "ನೀವು ದಿನಾ ಬಂಗಾರ ಬಂಗಾರ ಅಂದಾಗೆಲ್ಲ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸ್ತಿತ್ತು. ನಾನು ಮೂವತ್ತೈದು ವರ್ಷ ರೈಲು ನಡೆಸ್ದೋನು. ನಂದೇ ತಪ್ಪು ಅಂತ ಹೇಳೋ ಧೈರ್ಯ ನನಗೆ ಬರ್ಲಿಲ್ಲ. ನೀವು ಗೇಟಿನ ಹತ್ರಾನೇ ಹೇಳಿಬಿಟ್ರಿ. ಇಷ್ಟು ವರ್ಷ ನಿಮ್ಮನ್ನ ನಾನು ಸರಿಯಾಗಿ ನೋಡಿರ್ಲಿಲ್ಲ."

ಗೊತ್ತಪ್ಪನ ಹೆಂಡತಿ ಒಮ್ಮೆ ಅಪ್ಪನನ್ನೂ ಒಮ್ಮೆ ಗಂಡನನ್ನೂ ನೋಡಿ, ಬೈಯುವುದಕ್ಕೆ ಯಾರಿಂದ ಶುರು ಮಾಡಬೇಕೋ ತಿಳಿಯದೆ, ಕೊನೆಗೆ ಟೀ ಮಾಡಲು ಒಳಗೆ ಹೋದಳು.

"ಹಾಗಾದ್ರೆ ಮಾವ, ತಗೊಂಡು ಹೋಗಿ," ಎಂದು ಗೊತ್ತಪ್ಪ ಕೀಲಿಯ ಕಡೆ ತೋರಿಸಿದ.

"ನೀವೇ ಮುಂದೆ ಕೂತ್ಕೊಳ್ಳಿ," ಎಂದರು ಮಾವ. "ಡಾಕ್ಟ್ರು ಇನ್ನೂ ಒಂದು ತಿಂಗಳು ಓಡಿಸಬೇಡಿ ಅಂದಿದಾರೆ. ಮನಸ್ಸು ತಡೀಲಿಲ್ಲ, ಅದಕ್ಕೆ ಒಪ್ಪಿಗೆ ಕೊಟ್ರು ಅಂತ ಸುಳ್ಳು ಹೇಳಿ ಬಂದೆ. ಕೆರೆ ಏರಿ ತನಕ ಒಂದು ಸುತ್ತು ಹೋಗಿಬರೋಣ."

ಗೊತ್ತಪ್ಪ ಮುಂದೆ, ಗಾರ್ಡ್ ಸಾಹೇಬರು ಹಿಂದೆ, ಅಳಿಯನ ಭುಜ ಹಿಡಿದುಕೊಂಡು ಹೊರಟರು. ಮೇಷ್ಟ್ರು ಯಾರಿಗೂ ಕಾಣದ ಹಾಗೆ ಮಹಡಿ ಹತ್ತಿದರು. ಗ್ಯಾರೇಜಕ್ಕ ಟೀ ಕುಡಿದು ಸೈಕಲ್ಲು ಹತ್ತಿದರು. ನಾನು ಸ್ಟೆತಾಸ್ಕೋಪಿಗೆ ಮೆತ್ತಿದ್ದ ಎಣ್ಣೆ ಒರೆಸುತ್ತಾ ಗೇಟಿನ ಹತ್ತಿರವೇ ಕೂತಿದ್ದೆ.

ಅರ್ಧ ಗಂಟೆ ಹೋಯಿತು, ಒಂದು ಗಂಟೆ ಹೋಯಿತು. ಒಂದೂವರೆ ಗಂಟೆಯ ಮೇಲೆ ಬೀದಿಯ ತುದಿಯಲ್ಲಿ ಇಬ್ಬರೂ ಕಾಣಿಸಿದರು. ಗಾಡಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ತಳ್ಳಿಕೊಂಡು ಬರುತ್ತಿದ್ದರು. ಬೆವರಿನಲ್ಲಿ ತೊಯ್ದುಹೋಗಿದ್ದರು, ಬಿದ್ದು ಬಿದ್ದು ನಗುತ್ತಿದ್ದರು.

"ಮತ್ತೆ ಏನಾಯ್ತು?" ಎಂದು ಓಡಿದೆ.

"ಪೆಟ್ರೋಲು," ಎಂದರು ಮಾವ, ಉಸಿರು ತೆಗೆದುಕೊಳ್ಳುತ್ತಾ. "ಒಂದು ತಿಂಗಳಿಂದ ಎಲ್ರೂ ಎಣ್ಣೆ ನೋಡಿದ್ದೇ ನೋಡಿದ್ದು. ಪೆಟ್ರೋಲು ಇದೆಯೋ ಇಲ್ವೋ ಅಂತ ಯಾರೂ ನೋಡ್ಲೇ ಇಲ್ಲ."

"ಯಾರ ತಪ್ಪು ಅಂತ ಮಾತ್ರ ದಾರೀಲೇ ತೀರ್ಮಾನ ಮಾಡ್ಕೊಂಡ್ವಿ," ಎಂದ ಗೊತ್ತಪ್ಪ. "ಮಾವನಿಗೂ ನನಗೂ ಮೊದಲನೇ ಸಲ ಒಂದೇ ಅಭಿಪ್ರಾಯ ಬಂತು ಕಾಂಪೌಂಡ್ರೇ."

"ಯಾರದಂತೆ?" ಎಂದೆ.

ಇಬ್ಬರೂ ಹ್ಯಾಂಡಲ್ಲಿನಿಂದ ಒಂದೊಂದು ಕೈ ತೆಗೆದು, ಸ್ಟೆತಾಸ್ಕೋಪು ಹಿಡಿದು ನಿಂತಿದ್ದ ನನ್ನ ಕಡೆ ತೋರಿಸಿದರು.